ರೇವಾಡಿಯ ರಾವ್ ತುಲಾರಾಮ್

ದೆಹಲಿಯಿಂದ ಜಯಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಗುರುಗ್ರಾಮವನ್ನು ದಾಟಿ ಮುಂದೆ ಸಾಗಿದರೆ ಮಾನೇಸರ್ ಎಂಬ ಊರು ಸಿಕ್ಕುತ್ತದೆ. ಒಂದು ಕಡೆ ಅರಾವಳಿಯ ಕುರುಚಲು ಗುಡ್ಡಗಳು. ಇನ್ನೊಂದು ಕಡೆ ಮೋಟಾರು ವಾಹನಗಳನ್ನು ತಯಾರಿಸುವ ದೊಡ್ಡ ದೊಡ್ಡ ಕಾರ್ಖಾನೆಗಳು. ನಮ್ಮಲ್ಲಿ ಕೆಲವರ ಮನೆಯ ಹಿರಿಯರು ಉದ್ಯೋಗನಿಮಿತ್ತವಾಗಿ ಈ ದಾರಿಯಲ್ಲಿ ದಿನವೂ ಸಂಚರಿಸುವರು. ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋಗಿ, ಧಾರೂಹೇಡಾ ಎಂಬಲ್ಲಿ ತಿರುಗಿದರೆ ರೇವಾಡಿ ನಗರವನ್ನು ಸೇರಬಹುದು. ದೆಹಲಿಯ ವಿಮಾನನಿಲ್ದಾಣದ ಕಡೆಗೆ ಹೋಗುವ ರಸ್ತೆಗಳಲ್ಲೊಂದಕ್ಕೆ ರಾವ್ ತುಲಾರಾಮ್ ಮಾರ್ಗವೆಂದು ಹೆಸರು. ಆ ಹೆಸರಿನ ಫಲಕವನ್ನು ನಾವೆಲ್ಲರೂ ನೋಡಿದ್ದೇವೆ; ಆ ಹೆಸರಿನವನು ಯಾರೆಂದು ವಿಚಾರಿಸಿದವರು ಮಾತ್ರ ಕಡಮೆ. ಆತನು ಈ ರೇವಾಡಿಯವನು.

ಆತನ ಜೀವನವನ್ನು ಸಂಗ್ರಹವಾಗಿ ಹೇಳುವುದು ಈ ಲೇಖನದ ಉದ್ದೇಶ. ಆದರೆ ವೀರನ ಶೌರ್ಯವನ್ನು ಕೊಂಡಾಡಿ ಕೈಮುಗಿದು ಎದ್ದುಬಿಡುವುದು ಚರಿತ್ರೆಯನ್ನು ಓದುವ ರೀತಿಯಲ್ಲ. ಜನರು ದಂಗೆಯೆದ್ದು ಆಳುವವರನ್ನು ಉರುಳಿಸಿದಾಗ ಅವರ ಸ್ವಾತಂತ್ರ್ಯವು ಹೆಚ್ಚುವುದೋ, ಕಡಮೆಯಾಗುವುದೋ? ಈ ಪ್ರಶ್ನೆಯು ತರಗತಿಯಲ್ಲಿ ಫ್ರಾನ್ಸಿನ ಕ್ರಾಂತಿಯ ಪಾಠ ಬಂದಾಗಲೂ, ರಷ್ಯದ ಕ್ರಾಂತಿಯ ಪಾಠ ಬಂದಾಗಲೂ ಏಳುತ್ತದೆ. ಅಷ್ಟು ದೂರ ಹೋಗುವ ಮೊದಲು, ನಮ್ಮ ಬಾಗಿಲಿಗೆ ಸಮೀಪದಲ್ಲಿಯೇ ನಡೆದ ಒಂದು ಕ್ರಾಂತಿಯನ್ನು ಮುಂದಿಟ್ಟುಕೊಂಡು ಆ ಪ್ರಶ್ನೆಯನ್ನು ಕೇಳಿ ನೋಡೋಣ.

ರಾವ್ ತುಲಾರಾಮನು 1825ನೆಯ ಇಸವಿ ಡಿಸೆಂಬರ್ 9ರಂದು ರೇವಾಡಿಗೆ ಸೇರಿದ ರಾಮಪುರದಲ್ಲಿ ಜನಿಸಿದನು. ತಂದೆ ರಾವ್ ಪೂರಣಸಿಂಹ, ತಾಯಿ ಜ್ಞಾನಕೌರ್. ಇವರದು ಅಹೀರ ಕುಲ. ನಮ್ಮ ನಾಡಿನ ಗೊಲ್ಲರಂತೆ ಇವರೂ ಪಶುಪಾಲನೆಯ ಹಿನ್ನೆಲೆಯವರು. ಬಹು ಕಾಲದಿಂದ ಬೇಸಾಯದಲ್ಲಿಯೂ ಸೈನ್ಯದಲ್ಲಿಯೂ ಹೆಸರು ಪಡೆದವರು. ಇವರು ಹೆಚ್ಚಾಗಿ ನೆಲೆಸಿರುವ ಪ್ರದೇಶಕ್ಕೆ ಅಹೀರವಾಲವೆಂದೇ ಹೆಸರು ಬಂದಿದೆ. ತುಲಾರಾಮನ ಅಜ್ಜನಾದ ರಾವ್ ತೇಜಸಿಂಹನು 1803ರ ಯುದ್ಧದಲ್ಲಿ ಮರಾಠರ ಪಕ್ಷವನ್ನು ವಹಿಸಿದ್ದನು. ಮರಾಠರು ಸೋತರು, ಆ ವರ್ಷದ ಕೊನೆಯಲ್ಲಿ ನಡೆದ ಒಪ್ಪಂದದಿಂದ ಈ ಸೀಮೆಯು ಈಸ್ಟ್ ಇಂಡಿಯಾ ಕಂಪನಿಯ ಕೈ ಸೇರಿತು. ಕಂಪನಿಯವರು ತೇಜಸಿಂಹನ ವಿಶಾಲವಾದ ಜಹಗೀರಿಯನ್ನು ಮೊಟಕುಮಾಡಿ 58 ಗ್ರಾಮಗಳನ್ನು ಮಾತ್ರ ಅವನಿಗೆ ಉಳಿಸಿದರು. ಈ ಅವಮಾನದ ಕಥೆಯನ್ನು ಕೇಳುತ್ತಲೇ ತುಲಾರಾಮನು ಬೆಳೆದನು. ಇನ್ನೂ ಹುಡುಗನಾಗಿರುವಾಗಲೇ ತಂದೆಯನ್ನು ಕಳೆದುಕೊಂಡು ಮನೆತನದ ಭಾರವನ್ನು ಹೊತ್ತನು.

ಆ ಕಾಲದ ರೈತನ ಸ್ಥಿತಿಯೂ ಸುಖದ್ದಾಗಿರಲಿಲ್ಲ. ಮಳೆ ಕಡಮೆಯಾದ, ಮರಳು ಬೆರೆತ ನೆಲ. ಬೆಳೆ ಬರಲಿ, ಬಾರದಿರಲಿ, ಕಂಪನಿಯ ಕಂದಾಯವನ್ನು ನಾಣ್ಯದಲ್ಲಿಯೇ ತೆರಬೇಕಾಗಿತ್ತು. ಕಂದಾಯಕ್ಕಾಗಿ ಸಾಲ, ಸಾಲಕ್ಕಾಗಿ ಹೊಲದ ಒತ್ತೆ, ಕೊನೆಗೆ ಹೊಲವೇ ಪರಾಧೀನ. ಹೀಗೆ ರಾಮಪುರದ ಕೋಟೆಯಲ್ಲಿ ಒಂದು ದುಃಖ, ಹಳ್ಳಿಯ ಗುಡಿಸಲಿನಲ್ಲಿ ಇನ್ನೊಂದು ದುಃಖ ಮನೆಮಾಡಿದ್ದುವು. ಎರಡಕ್ಕೂ ಕಾರಣನಾದವನು ಒಬ್ಬನೇ ಆಗಿದ್ದುದರಿಂದ ಎರಡೂ ಒಂದೇ ದುಃಖವೆಂಬಂತೆ ತೋರಿದುವು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಅಗತ್ಯವು ಬೀಳುವುದು.

1857ನೆಯ ಮೇ 10ರಂದು ಮೀರತ್ತಿನಲ್ಲಿ ಸಿಪಾಯಿಗಳು ತಿರುಗಿಬಿದ್ದರು. ಮರುದಿನ ಅವರು ದೆಹಲಿಯನ್ನು ಹಿಡಿದು, ವೃದ್ಧನಾದ ಬಹಾದುರ್ ಶಾಹನನ್ನು ಹಿಂದುಸ್ಥಾನದ ಬಾದಶಹನೆಂದು ಸಾರಿದರು. ಗುರುಗ್ರಾಮ ಜಿಲ್ಲೆಯಲ್ಲಿ ಕಂಪನಿಯ ಅಧಿಕಾರವು ಕೆಲವೇ ದಿನಗಳಲ್ಲಿ ಕುಸಿಯಿತು. ಮೇ 17ರಂದು ತುಲಾರಾಮನು ತನ್ನ ಬಂಧುವಾದ ಗೋಪಾಲದೇವನೊಡನೆಯೂ ನಾಲ್ಕೈದು ನೂರು ಜನ ಅನುಚರರೊಡನೆಯೂ ರೇವಾಡಿಯ ತಹಸೀಲು ಕಚೇರಿಗೆ ಹೋದನು. ತಹಸೀಲುದಾರನನ್ನೂ ಠಾಣೆಯ ಅಧಿಕಾರಿಯನ್ನೂ ತೆಗೆದುಹಾಕಿ, ಖಜಾನೆಯನ್ನು ವಶಪಡಿಸಿಕೊಂಡು, ಬಾದಶಹನ ಹೆಸರಿನಲ್ಲಿ ರೇವಾಡಿ ಮತ್ತು ನೆರೆಯ ಪರಗಣೆಗಳ ಆಡಳಿತವನ್ನು ಕೈಗೆತ್ತಿಕೊಂಡನು. ಆಗ ಆತನಿಗೆ ಮೂವತ್ತೊಂದು ವರ್ಷ ವಯಸ್ಸು.

ಮುಂದಿನ ನಾಲ್ಕೂವರೆ ತಿಂಗಳು ಆತನ ಜೀವನದ ಮಧ್ಯಾಹ್ನ. ಗೋಪಾಲದೇವನು ಸೇನಾಪತಿಯಾದನು. ಸುಮಾರು 5,000 ಜನರ ಸೈನ್ಯವು ಕೂಡಿತು. ರಾಮಪುರದ ಕೋಟೆಯಲ್ಲಿ ಫಿರಂಗಿಗಳನ್ನು ಎರಕ ಹೊಯ್ಯುವ ಕಾರ್ಖಾನೆಯು ಆರಂಭವಾಯಿತು. ದೆಹಲಿಯು ಇಂಗ್ಲಿಷರ ಮುತ್ತಿಗೆಯಲ್ಲಿ ನರಳುತ್ತಿದ್ದಾಗ ತುಲಾರಾಮನು ಅಲ್ಲಿಗೆ ಧಾನ್ಯವನ್ನೂ 45,000 ರೂಪಾಯಿಗಳನ್ನೂ ಕಳುಹಿಸಿದನು. ಸುತ್ತಲಿನ ಸೀಮೆಯಲ್ಲಿ ಹಳೆಯ ಹಗೆಗಳು ಕೆದರಿ, ಊರು ಊರಿನ ಮೇಲೆ ಬಿದ್ದು ಕಾದಾಡುತ್ತಿದ್ದ ಆ ದಿನಗಳಲ್ಲಿ ರೇವಾಡಿಯಲ್ಲಿ ಮಾತ್ರ ಬಹುಮಟ್ಟಿಗೆ ಶಾಂತಿಯಿದ್ದಿತು. ಇದು ಸಾಮಾನ್ಯವಾದ ಸಾಧನೆಯಲ್ಲ.

ಆದರೂ ಒಂದು ಮಾತನ್ನು ಮುಚ್ಚಿಡಬಾರದು. ಸೈನ್ಯವನ್ನು ಸಾಕುವುದಕ್ಕೆ ಹಣ ಬೇಕು. ತುಲಾರಾಮನು ರೇವಾಡಿಯ ಮಹಾಜನರಿಂದ ಹಣವನ್ನು ಸಂಗ್ರಹಿಸಿದನು. ರೈತರಿಂದ ಕಂದಾಯವನ್ನು ಎತ್ತಿದನು. ಕಂದಾಯವನ್ನು ಕೇಳುವ ಕೈ ಬದಲಾಯಿತು. ತೆರುವ ಕೈ ಅದೇ ಆಗಿದ್ದಿತು. ಪರಕೀಯನ ಆಳ್ವಿಕೆಯಿಂದ ಬಿಡುಗಡೆ ಹೊಂದುವುದು ಒಂದು ಸ್ವಾತಂತ್ರ್ಯ. ಆಳುವವನು ಯಾರೇ ಆಗಲಿ, ಅವನನ್ನು ಪ್ರಶ್ನಿಸುವ, ಬೇಡವಾದರೆ ಇಳಿಸುವ ಅಧಿಕಾರವು ಪ್ರಜೆಗೆ ಇರುವುದು ಇನ್ನೊಂದು ಸ್ವಾತಂತ್ರ್ಯ. ಮೊದಲನೆಯದು ಮೇ 17ರ ಒಂದೇ ದಿನದಲ್ಲಿ ಬಂದಿತು. ಎರಡನೆಯದು ಬರಲು ಅವಕಾಶವೇ ಆಗಲಿಲ್ಲ. ಕೋಟೆಯ ದುಃಖವೂ ಗುಡಿಸಲಿನ ದುಃಖವೂ ಒಂದೇ ಅಲ್ಲವೆಂಬುದು ಇಲ್ಲಿ ಗೊತ್ತಾಗುತ್ತದೆ.

ಎರಡನೆಯ ಸ್ವಾತಂತ್ರ್ಯದ ಯೋಚನೆಯು ಆ ಕಾಲದವರಿಗೆ ಇರಲೇ ಇಲ್ಲವೆಂದು ತಿಳಿಯಬಾರದು. ದೆಹಲಿಯಲ್ಲಿ ದಂಗೆಕೋರರು ಒಂದು ಆಡಳಿತ ಸಭೆಯನ್ನು ರಚಿಸಿದ್ದರು. ಅದರಲ್ಲಿ ಹತ್ತು ಮಂದಿ ಸದಸ್ಯರು. ಕಾಲಾಳು, ಕುದುರೆ, ಫಿರಂಗಿ ದಳಗಳಿಂದ ಇಬ್ಬರಿಬ್ಬರಂತೆ ಆರು ಮಂದಿ, ಸೈನಿಕರಲ್ಲದವರು ನಾಲ್ವರು. ಬಹುಮತದಿಂದ ತೀರ್ಮಾನಗಳಾಗಬೇಕೆಂದು ನಿಯಮವಿದ್ದಿತು. ಬಾದಶಹನ ಅರಮನೆಯ ನೆರಳಿನಲ್ಲಿಯೇ ಬಹುಮತದ ಮಾತು ಹುಟ್ಟಿದುದು ಆಶ್ಚರ್ಯವಲ್ಲವೇ? ಆದರೆ ಮುತ್ತಿಗೆಗೆ ಸಿಕ್ಕಿದ ಊರಿನಲ್ಲಿ ಆ ಮೊಳಕೆಯು ಗಿಡವಾಗಲಿಲ್ಲ. ಸಂಬಳವಿಲ್ಲದ ಸಿಪಾಯಿಗಳು ಅಂಗಡಿಕಾರರನ್ನು ಪೀಡಿಸಿದರು. ಅವರನ್ನು ತಡೆಯಲು ಬಾದಶಹನಿಂದಲೂ ಆಗಲಿಲ್ಲ, ಸಭೆಯಿಂದಲೂ ಆಗಲಿಲ್ಲ.

ಸೆಪ್ಟೆಂಬರ್ 20ರ ಹೊತ್ತಿಗೆ ದೆಹಲಿಯು ಪೂರ್ಣವಾಗಿ ಇಂಗ್ಲಿಷರ ಕೈಸೇರಿತು. ಅಕ್ಟೋಬರ್ ಮೊದಲ ವಾರದಲ್ಲಿ ಬ್ರಿಗೇಡಿಯರ್ ಶವರ್ಸನ ದಳವು ರೇವಾಡಿಯನ್ನು ಪ್ರವೇಶಿಸಿತು. ಮಣ್ಣಿನ ಕೋಟೆಯಲ್ಲಿ ಕುಳಿತು ದೊಡ್ಡ ಫಿರಂಗಿಗಳನ್ನು ಎದುರಿಸುವುದು ಆತ್ಮಹತ್ಯೆಯೆಂದು ತಿಳಿದು ತುಲಾರಾಮನು ಮೊದಲೇ ರಾಮಪುರವನ್ನು ಬಿಟ್ಟಿದ್ದನು. ಬಂದವರಿಗೆ ಸಿಕ್ಕಿದುದು ಬರಿದಾದ ಕೋಟೆ, ಫಿರಂಗಿಗಳು ಮತ್ತು ಅವುಗಳನ್ನು ತಯಾರಿಸುವ ಕಾರ್ಖಾನೆ. ಶವರ್ಸನ ದಳವು ಹಿಂದಿರುಗಿದ ಮೇಲೆ ತುಲಾರಾಮನು ಜೋಧಪುರದ ದಂಗೆಕೋರ ಸಿಪಾಯಿಗಳನ್ನು ಕೂಡಿಕೊಂಡು ಮರಳಿ ಬಂದನು. ಝಜ್ಜರದ ಸೇನಾನಿ ಸಮದ್ ಖಾನನೂ ಅವರೊಡನೆ ಸೇರಿದನು.

1857ನೆಯ ನವೆಂಬರ್ 16ರಂದು ನಾರನೌಲದ ಸಮೀಪದ ನಸೀಬಪುರದ ಬಯಲಿನಲ್ಲಿ ಕೊನೆಯ ಯುದ್ಧವು ನಡೆಯಿತು. ತುಲಾರಾಮನ ಕುದುರೆಯ ದಳವು ಇಂಗ್ಲಿಷರ ಮೇಲೆ ಬಿದ್ದಿತು. ಇಂಗ್ಲಿಷರ ದಳಪತಿಯಾದ ಕರ್ನಲ್ ಜೆರಾರ್ಡನು ಗುಂಡು ತಗುಲಿ ಮಡಿದನು. ಆದರೂ ಕೊನೆಗೆ ಗೆಲುವು ಅವರದೇ ಆಯಿತು. ತುಲಾರಾಮನ ಬಂಧುಗಳೂ ಸೇನಾನಾಯಕರೂ ಅನೇಕರು ಆ ಬಯಲಿನಲ್ಲಿ ಬಿದ್ದರು. ಆತನು ಮಾತ್ರ ತಪ್ಪಿಸಿಕೊಂಡು ರಾಜಸ್ಥಾನದ ಕಡೆಗೆ ಹೋದನು.

ಇನ್ನು, ದಂಗೆಯು ಮುರಿದ ಮೇಲೆ ಜನರಿಗಾದ ಗತಿಯನ್ನು ನೋಡೋಣ. ಮಾನೇಸರಕ್ಕೆ ಸಮೀಪದ ಫರ್ರುಖನಗರದ ನವಾಬ ಅಹಮದ್ ಅಲಿ ಖಾನನನ್ನೂ, ಝಜ್ಜರದ ನವಾಬ ಅಬ್ದುರ್ ರಹಮಾನ್ ಖಾನನನ್ನೂ, ಬಲ್ಲಭಗಢದ ರಾಜಾ ನಾಹರಸಿಂಹನನ್ನೂ ದೆಹಲಿಯಲ್ಲಿ ಗಲ್ಲಿಗೇರಿಸಿದರು. ಮೇವಾತದ ಹಳ್ಳಿಗಳನ್ನು ಸುಟ್ಟರು. ದೆಹಲಿಯ ನಿವಾಸಿಗಳನ್ನು ಊರಿನಿಂದ ಹೊರಗಟ್ಟಿದರು. ಮುಸಲ್ಮಾನರಂತೂ ತಮ್ಮ ಮನೆಗಳಿಗೆ ಮರಳಲು ಇತರರಿಗಿಂತ ಹೆಚ್ಚು ಕಾಲ ಕಾಯಬೇಕಾಯಿತು. ನಸೀಬಪುರದ ಯುದ್ಧವು ನಡೆದ ನಾರನೌಲ ಸೀಮೆಯನ್ನು, ತಮಗೆ ನೆರವಾದ ಪಟಿಯಾಲದ ಮಹಾರಾಜನಿಗೆ ಇನಾಮಾಗಿ ಕೊಟ್ಟರು. 1858ರಲ್ಲಿ ಈ ಪ್ರದೇಶವನ್ನು ವಾಯವ್ಯ ಪ್ರಾಂತದಿಂದ ಬಿಡಿಸಿ ಪಂಜಾಬಿಗೆ ಸೇರಿಸಿದರು; ಅಲ್ಲಿ ಕಂದಾಯ, ನ್ಯಾಯ, ಶಿಕ್ಷೆ ಎಲ್ಲವೂ ಜಿಲ್ಲಾಧಿಕಾರಿಯೊಬ್ಬನ ಕೈಯಲ್ಲಿಯೇ ಕೂಡಿದ್ದುವು. ಮುದ್ರಣಾಲಯಗಳಿಗೆ ಪರವಾನಗಿ ಬೇಕೆಂಬ ಕಾನೂನು 1857ರ ಜೂನಿನಲ್ಲಿ ಬಂದಿತು. ಆಯುಧಗಳಿಗೂ ಪರವಾನಗಿಯೆಂಬ ಕಾನೂನು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಂದಿತು.

ಈ ಆಯುಧದ ಕಾನೂನೇ ಉತ್ತರದ ದಂಗೆಯ ಬೆಂಕಿಯನ್ನು ನಮ್ಮ ಕನ್ನಡ ನಾಡಿಗೆ ಮುಟ್ಟಿಸಿತು. ಇಂದಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯು ಆಗ ಮುಧೋಳ ಸಂಸ್ಥಾನಕ್ಕೆ ಸೇರಿದ್ದಿತು. ಅಲ್ಲಿನ ಬೇಡರಿಗೆ ಆಯುಧವೆಂದರೆ ಜೀವನೋಪಾಯ, ಮಾನವೂ ಹೌದು. ಅವರು ಅದನ್ನು ಒಪ್ಪಿಸಲೊಲ್ಲೆವೆಂದರು. 1857ರ ನವೆಂಬರ್ ಕೊನೆಯಲ್ಲಿ ಸೈನ್ಯವು ಹಲಗಲಿಗೆ ಬಂದು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. ಆ ವೀರರ ಲಾವಣಿಯನ್ನು ಮುಂದೆ ಇಂಗ್ಲಿಷ್ ವಿದ್ವಾಂಸನಾದ ಫ್ಲೀಟನು ಸಂಗ್ರಹಿಸಿದನು. ರೇವಾಡಿಯ ರೈತನು ಹಲಗಲಿಯ ಹೆಸರನ್ನು ಕೇಳಿರಲಾರನು. ಹಲಗಲಿಯ ಬೇಡನು ರೇವಾಡಿಯನ್ನು ಕಂಡಿರಲಾರನು. ಆದರೂ ಒಂದೇ ವರ್ಷದಲ್ಲಿ, ಒಂದೇ ತಿಂಗಳಿನಲ್ಲಿ, ಇಬ್ಬರೂ ಒಂದೇ ಶಕ್ತಿಯ ಎದುರಿಗೆ ನಿಂತು ಸೋತರು.

ತುಲಾರಾಮನು ಸೋಲನ್ನು ಒಪ್ಪಲಿಲ್ಲ. ಆತನು ರಾಜಸ್ಥಾನದಲ್ಲಿ ತಾತ್ಯಾ ಟೋಪೆಯ ಪಡೆಯೊಡನೆ ಸೇರಿ ಹೋರಾಡಿದನು. 1859ರ ಏಪ್ರಿಲ್ 18ರಂದು ತಾತ್ಯಾ ಟೋಪೆಯನ್ನು ಗಲ್ಲಿಗೇರಿಸಿದರು. ಅದೇ ವರ್ಷ ತುಲಾರಾಮನ ಆಸ್ತಿಯೆಲ್ಲವೂ ಜಪ್ತಿಯಾಯಿತು. ಮನೆಯಿಲ್ಲ, ಸೈನ್ಯವಿಲ್ಲ, ನೆಲವೂ ಕೈಬಿಟ್ಟಿತು. ಆಗ ಆತನು ಪರದೇಶಗಳ ನೆರವನ್ನು ಕೋರುವ ಉದ್ದೇಶದಿಂದ ಇರಾನಿಗೆ ಹೋದನು. ಅಲ್ಲಿಂದ ಅಫ್ಘಾನಿಸ್ತಾನಕ್ಕೆ ಬಂದನು. ರಷ್ಯದ ಚಕ್ರವರ್ತಿಯ ಸಹಾಯವನ್ನು ಪಡೆಯುವ ಆಸೆಯೂ ಆತನಿಗಿದ್ದಿತು.

ಇಲ್ಲಿ ನಮ್ಮ ಮನಸ್ಸು ಎರಡಾಗುತ್ತದೆ. ಆರು ವರ್ಷಗಳ ಅಲೆದಾಟದಲ್ಲಿಯೂ ಗುರಿಯನ್ನು ಮರೆಯದ ಆ ಛಲವನ್ನು ಕಂಡರೆ ತಲೆ ತಾನಾಗಿ ಬಾಗುತ್ತದೆ. ಆದರೆ ಆತನು ಯಾರನ್ನು ಆಶ್ರಯಿಸಬೇಕಾಯಿತೆಂಬುದನ್ನೂ ನೋಡಬೇಕು. ಇರಾನಿನ ಶಹನಾಗಲಿ, ರಷ್ಯದ ಚಕ್ರವರ್ತಿಯಾಗಲಿ ತಮ್ಮ ಪ್ರಜೆಗಳಿಗೆ ಸ್ವಾತಂತ್ರ್ಯವನ್ನು ಕೊಟ್ಟವರಲ್ಲ. ಕಾಬೂಲಿನ ಅಮೀರ ದೋಸ್ತ್ ಮಹಮ್ಮದನು 1857ರ ಆರಂಭದಲ್ಲಿಯೇ ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡು ಅವರ ಧನಸಹಾಯವನ್ನು ಪಡೆದಿದ್ದನು. ದಂಗೆಯ ಕಾಲದಲ್ಲಿ ಅವನು ಕೈ ಎತ್ತಲಿಲ್ಲ. ಅಂತಹವರ ಸೈನ್ಯದಿಂದ ಬಂದ ಬಿಡುಗಡೆಯು ನಿಜವಾದ ಬಿಡುಗಡೆಯಾಗುತ್ತಿತ್ತೇ, ಒಡೆಯರ ಬದಲಾವಣೆ ಮಾತ್ರ ಆಗುತ್ತಿತ್ತೇ? ತುಲಾರಾಮನಿಗೆ ಬೇರೆ ದಾರಿಯಿರಲಿಲ್ಲವೆಂಬುದು ಸತ್ಯ. ಈ ಪ್ರಶ್ನೆಯು ಉಳಿಯುತ್ತದೆಂಬುದೂ ಸತ್ಯ.

ಆ ಪರೀಕ್ಷೆಯು ನಡೆಯಲೇ ಇಲ್ಲ. 1863ನೆಯ ಸೆಪ್ಟೆಂಬರ್ 23ರಂದು ಕಾಬೂಲಿನಲ್ಲಿ ವ್ಯಾಧಿಪೀಡಿತನಾಗಿ ತುಲಾರಾಮನು ತೀರಿಕೊಂಡನು. ಮೂವತ್ತೆಂಟು ವರ್ಷಗಳು ಇನ್ನೂ ತುಂಬಿರಲಿಲ್ಲ. ರೇವಾಡಿಯನ್ನು ಮತ್ತೆ ನೋಡುವ ಭಾಗ್ಯವು ಆತನಿಗೆ ದೊರೆಯಲಿಲ್ಲ. 1877ರಲ್ಲಿ ಸರಕಾರವು ಆತನ ಮಗನಾದ ಯುಧಿಷ್ಠಿರಸಿಂಹನಿಗೆ ಮನೆತನದ ಪದವಿಯನ್ನು ಹಿಂದಕ್ಕೆ ಕೊಟ್ಟಿತು. ಇಂದು ಹರಿಯಾಣದಲ್ಲಿ ಸೆಪ್ಟೆಂಬರ್ 23ನ್ನು ಹುತಾತ್ಮರ ದಿನವಾಗಿ ಆಚರಿಸುತ್ತಾರೆ. 2001ರಲ್ಲಿ ಅದೇ ದಿನ ಭಾರತದ ಅಂಚೆ ಇಲಾಖೆಯು ಆತನ ಸ್ಮರಣೆಗಾಗಿ ಅಂಚೆಚೀಟಿಯನ್ನು ಹೊರಡಿಸಿತು.

ಈಗ ಮೊದಲಿನ ಪ್ರಶ್ನೆಗೆ ಹಿಂದಿರುಗೋಣ. ದಂಗೆಯಿಂದ ಸ್ವಾತಂತ್ರ್ಯವು ಹೆಚ್ಚಿತೇ, ಕಡಮೆಯಾಯಿತೇ? 1858ರಲ್ಲಿ ರೇವಾಡಿಯ ರೈತನನ್ನು ಕೇಳಿದ್ದರೆ ಕಡಮೆಯಾಯಿತೆಂದೇ ಹೇಳುತ್ತಿದ್ದನು. ಅವನ ಮನೆಯ ಕತ್ತಿಯೂ ಹೋಗಿದ್ದಿತು, ನಾಯಕನೂ ಹೋಗಿದ್ದನು. ಆದರೆ ಅದೇ ವರ್ಷ ಕಂಪನಿಯ ಆಳ್ವಿಕೆಯೂ ಮುಗಿಯಿತು. ನವೆಂಬರ್ 1ರಂದು ರಾಣಿಯ ಘೋಷಣೆಯಾಗಿ, ಮತವಿಷಯದಲ್ಲಿ ಕೈಹಾಕುವುದಿಲ್ಲವೆಂದೂ, ಜಾತಿಮತಭೇದವಿಲ್ಲದೆ ಅಧಿಕಾರಗಳನ್ನು ಕೊಡುವೆವೆಂದೂ ವಾಗ್ದಾನವು ಬಂದಿತು. 1862ರಲ್ಲಿ ಶಾಸನ ಸಭೆಗೆ ಮೊದಲ ಬಾರಿಗೆ ಭಾರತೀಯರು ನಾಮಕರಣಗೊಂಡರು. ಆದರೆ ಆ ಮೂವರಲ್ಲಿ ಒಬ್ಬನು ಪಟಿಯಾಲದ ಮಹಾರಾಜ, ಇನ್ನೊಬ್ಬನು ಕಾಶಿಯ ರಾಜ, ಮತ್ತೊಬ್ಬನು ಗ್ವಾಲಿಯರದ ದಿವಾನನಾಗಿದ್ದ ದಿನಕರರಾವ್. ದಂಗೆಯಲ್ಲಿ ರಕ್ತವನ್ನು ಸುರಿಸಿದ ಹಳ್ಳಿಯವನಿಗೆ ಅಲ್ಲಿ ಪೀಠವಿರಲಿಲ್ಲ. ವಾಗ್ದಾನವು ಕಾಗದದ ಮೇಲೆಯೇ ಬಹು ಕಾಲ ಉಳಿಯಿತು. ಆದರೂ ಮುಂದಿನ ತಲೆಮಾರಿನ ವಿದ್ಯಾವಂತರು ಆ ಕಾಗದವನ್ನೇ ಕೈಯಲ್ಲಿ ಹಿಡಿದು ಸರಕಾರವನ್ನು ಲೆಕ್ಕ ಕೇಳಿದರು.

ಇದು ಸೋತ ದಂಗೆಯ ಕಥೆ. ಗೆದ್ದ ಕ್ರಾಂತಿಗಳ ಕಥೆಯಾದರೂ ಸರಳವಾಗಿದೆಯೇ? ಫ್ರಾನ್ಸಿನ ಜನರು 1789ರಲ್ಲಿ ಮಾನವನ ಹಕ್ಕುಗಳನ್ನು ಸಾರಿದರು. ನಾಲ್ಕೇ ವರ್ಷಗಳಲ್ಲಿ ಭಯಂಕರವಾದ ಶಿರಚ್ಛೇದದ ಕಾಲವು ಬಂದಿತು. 1804ರಲ್ಲಿ ನೆಪೋಲಿಯನ್ ಚಕ್ರವರ್ತಿಯಾದನು. ಆದರೂ ಆ ಹಕ್ಕುಗಳ ಮಾತು ಸಾಯಲಿಲ್ಲ, ಜಗತ್ತಿಗೆಲ್ಲಾ ಹಬ್ಬಿತು. ರಷ್ಯದಲ್ಲಿ 1917ರಲ್ಲಿ ಚಕ್ರವರ್ತಿಯು ಪದಚ್ಯುತನಾದನು. ಜನರು ಸಂವಿಧಾನ ಸಭೆಗೆ ಪ್ರತಿನಿಧಿಗಳನ್ನು ಆರಿಸಿದರು. 1918ರ ಜನವರಿಯಲ್ಲಿ ಆ ಸಭೆಯು ಒಮ್ಮೆ ಸೇರಿತು; ಮರುದಿನವೇ ಹೊಸ ಅಧಿಕಾರಿಗಳು ಅದನ್ನು ಮುಚ್ಚಿದರು. ಹಳೆಯ ಒಡೆಯನನ್ನು ಇಳಿಸಿದ ಜನರಿಗೆ ಹೊಸ ಒಡೆಯನನ್ನು ಇಳಿಸುವ ದಾರಿಯು ಉಳಿಯಲಿಲ್ಲ.

ಇವುಗಳಿಂದ ನಾವು ತಿಳಿಯುವುದೇನು? ದಂಗೆಯು ಬೀಗವನ್ನು ಒಡೆಯಬಲ್ಲದು. ಕೆಲವು ಬೀಗಗಳು ಒಡೆಯದೆ ತೆರೆಯುವುವೂ ಅಲ್ಲ. ಆದುದರಿಂದ ದಂಗೆಯೆದ್ದವರನ್ನು ಅವಿವೇಕಿಗಳೆಂದು ಹಳಿಯುವುದು ನ್ಯಾಯವಲ್ಲ. ಅರ್ಜಿ ಕೊಡಲು ಬಾಗಿಲಿಲ್ಲದ ಕಾಲದಲ್ಲಿ, ಮತ ಹಾಕಲು ಪೆಟ್ಟಿಗೆಯಿಲ್ಲದ ಕಾಲದಲ್ಲಿ, ತುಲಾರಾಮನೂ ಹಲಗಲಿಯ ಬೇಡರೂ ಮಾಡಬಹುದಾಗಿದ್ದುದನ್ನು ಮಾಡಿದರು. ಆದರೆ ಬೀಗ ಒಡೆದ ಮಾತ್ರಕ್ಕೆ ಮನೆ ನಮ್ಮದಾಗುವುದಿಲ್ಲ. ಗೆದ್ದವನ ಕೈಯನ್ನೂ ಕಟ್ಟಬಲ್ಲ ಕಟ್ಟಳೆಗಳು, ಅವನನ್ನು ಕಾಲಕಾಲಕ್ಕೆ ಪ್ರಶ್ನಿಸುವ ಸಭೆಗಳು, ಅವನಿಗೆ ಹೆದರದ ನ್ಯಾಯಸ್ಥಾನಗಳು ಎದ್ದು ನಿಂತಾಗ ಮಾತ್ರ ಸ್ವಾತಂತ್ರ್ಯವು ನೆಲೆಸುವುದು. ಅವುಗಳನ್ನು ಕಟ್ಟುವ ಕೆಲಸವು ನಿಧಾನದ್ದು. ಅದರಲ್ಲಿ ಕುದುರೆಯ ಓಟವಿಲ್ಲ, ಲಾವಣಿಯೂ ಇಲ್ಲ. ಭಾರತವು ಆ ಕೆಲಸವನ್ನು ಮಾಡಿತು. 1950ರ ಜನವರಿ 26ರಂದು ನಮ್ಮ ಸಂವಿಧಾನವು ಜಾರಿಗೆ ಬಂದಿತು. 1951-52ರ ಮೊದಲ ಮಹಾಚುನಾವಣೆಯಲ್ಲಿ 17 ಕೋಟಿಗೂ ಹೆಚ್ಚು ಜನರಿಗೆ ಮತದ ಹಕ್ಕು ಇದ್ದಿತು. ರೇವಾಡಿಯ ರೈತನೂ ಹಲಗಲಿಯ ಬೇಡನೂ ಆಗ ಮೊದಲ ಬಾರಿಗೆ ಒಂದೇ ಶಕ್ತಿಯನ್ನು ಎದುರಿಸುವವರಾಗಿ ಅಲ್ಲ, ಒಂದೇ ಶಕ್ತಿಯ ಒಡೆಯರಾಗಿ ನಿಂತರು.

1956ರ ನವೆಂಬರ್ 1ರಂದು ಕನ್ನಡಿಗರ ರಾಜ್ಯವು ಒಂದಾಯಿತು. ಸರಿಯಾಗಿ ಹತ್ತು ವರ್ಷಗಳ ಮೇಲೆ, 1966ರ ನವೆಂಬರ್ 1ರಂದು, ಹರಿಯಾಣ ರಾಜ್ಯವು ಹುಟ್ಟಿತು. ಮರುವರ್ಷ, ಅಂದರೆ 1967ರಲ್ಲಿ, ತುಲಾರಾಮನ ವಂಶಜರಾದ ರಾವ್ ಬೀರೇಂದ್ರಸಿಂಹರು ಆ ರಾಜ್ಯದ ಮುಖ್ಯಮಂತ್ರಿಗಳಾದರು. ಅದೇ ವರ್ಷದ ನವೆಂಬರಿನಲ್ಲಿ ಅಧಿಕಾರವು ಅವರ ಕೈಬಿಟ್ಟಿತು. ಅದು ಪಕ್ಷಾಂತರಗಳ ಗೊಂದಲದ ಕಾಲ; ಹೆಮ್ಮೆಪಡುವಂತಹುದಲ್ಲ. ಆದರೆ ಒಂದನ್ನು ಗಮನಿಸಬೇಕು. ಪೂರ್ವಜನು ಅಧಿಕಾರವನ್ನು ಕಳೆದುಕೊಂಡಾಗ ಹಳ್ಳಿಗಳು ಉರಿದುವು. ಆತನು ಪರದೇಶದಲ್ಲಿ ಸಾಯಬೇಕಾಯಿತು. ವಂಶಜರು ಅಧಿಕಾರವನ್ನು ಕಳೆದುಕೊಂಡಾಗ ಒಂದು ಗುಡಿಸಲೂ ಸುಡಲಿಲ್ಲ. ಅವರು ಮನೆಗೆ ಹೋಗಿ ಮುಂದಿನ ಚುನಾವಣೆಯನ್ನು ಕಾದರು.

ಮಾನೇಸರಕ್ಕೆ 2020ರಲ್ಲಿ ತನ್ನದೇ ಆದ ನಗರಪಾಲಿಕೆಯಾಯಿತು. 2025ರ ಮಾರ್ಚಿನಲ್ಲಿ ಅಲ್ಲಿನ ಜನರು ಅದಕ್ಕೆ ಮೊದಲ ಬಾರಿ ಮತ ಹಾಕಿದರು. ಚರಂಡಿ, ನೀರು, ದೀಪಗಳಿಗಾಗಿ ನಡೆದ ಆ ಚುನಾವಣೆಯು ಯಾವ ವೀರಗಾಥೆಯಲ್ಲಿಯೂ ಬರುವುದಿಲ್ಲ. ಆದರೆ 1857ರ ಮೇ ತಿಂಗಳಲ್ಲಿ ರೇವಾಡಿಯ ಕಚೇರಿಯ ಬಾಗಿಲಿಗೆ ನುಗ್ಗಿದ ಆ ನಾಲ್ಕೈದು ನೂರು ಜನರು ಏನನ್ನು ಹುಡುಕುತ್ತಿದ್ದರೋ ಅದರ ಒಂದು ಪಾಲು ಆ ಮತಗಟ್ಟೆಯ ಸಾಲಿನಲ್ಲಿದ್ದಿತು. ನಾಳೆ ನಾವೂ ದೊಡ್ಡವರಾಗಿ ಆ ಸಾಲಿನಲ್ಲಿ ನಿಲ್ಲುವೆವು. ಅಲ್ಲಿಗೆ ಹೋಗುವಾಗ ರಾವ್ ತುಲಾರಾಮ್ ಮಾರ್ಗದ ಫಲಕವು ಕಣ್ಣಿಗೆ ಬಿದ್ದರೆ, ಕಾಬೂಲಿನಲ್ಲಿ ಕಣ್ಣು ಮುಚ್ಚಿದ ಆ ಪುರುಷನನ್ನು ಒಮ್ಮೆ ನೆನೆಯೋಣ.